ಗಲ್ಲಾದ ಲೆಕ್ಕ ರಾತ್ರಿ, ಮೈಯ ಲೆಕ್ಕ ಬೆಳಿಗ್ಗೆ

ತಮ್ಮಾ, ಹೃದಯ ವೈಫಲ್ಯ ಅಂದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡ. ನಿನ್ನ ಹೃದಯ ನಿಂತಿಲ್ಲ. ಮೈಗೆ ಬೇಕಾದಷ್ಟು ರಕ್ತ ಹರಿಸಲು ಹೆಣಗುತ್ತಿದೆ. ಆಗ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ತುಂಬುತ್ತದೆ.

ಮುಂಬಯಿಯಲ್ಲಿ, ಅಂಧೇರಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಪೈಸೆ ಪೈಸೆ ಲೆಕ್ಕ ಬರೆದವನು ನೀನು. ಇನ್ನು ಮೈಯ ಲೆಕ್ಕವನ್ನೂ ಬರೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಚಹಾ ಕುಡಿಯುವ ಮೊದಲೇ ತೂಕ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಉಂಡ ಊಟದ್ದಲ್ಲ, ನಿಂತ ನೀರಿನದು. ಏದುಸಿರು ಬರುವ ತನಕ ಕಾಯದೆ ಡಾಕ್ಟರಿಗೆ ಫೋನು ಮಾಡು.

ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಹಪ್ಪಳ, ಉಪ್ಪಿನಕಾಯಿ, ಊರಿಂದ ಬರುವ ಒಣಮೀನು ಬಿಟ್ಟರೆ ಅರ್ಧ ಗೆದ್ದಂತೆ. ಗಂಜಿ ಹಗುರ ಅನ್ನುತ್ತೀ. ಆದರೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಗಂಜಿತಿಳಿ, ಮಜ್ಜಿಗೆ, ಕಟಿಂಗ್ ಚಹಾ ಎಲ್ಲವೂ ಅದರೊಳಗೇ ಬರಬೇಕು. ಸೋಡಿಯಂ ಕಡಿಮೆಯ ಉಪ್ಪನ್ನು ಕೇಳದೆ ತರಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ; ಹೃದಯದ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಮಂಡಿನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವುದೂ ಬೇಡ. ಅವು ಮೈಯಲ್ಲಿ ನೀರು ನಿಲ್ಲಿಸುತ್ತವೆ.

ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಅದಕ್ಕೇ ಚರ್ಚ್‌ಗೇಟಿಗೆ ಹೋಗುವ ದಿನ ನೀರು ಇಳಿಸುವ ಮಾತ್ರೆ ತಪ್ಪಿಸುವ ಮನಸ್ಸಾಗುತ್ತದೆ. ತಪ್ಪಿಸಬೇಡ. ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನೇ ಕೇಳು. ಸ್ಟೇಷನ್ನಿನ ಮೆಟ್ಟಿಲು ಓಡಿ ಹತ್ತಿ ಗಾಡಿ ಹಿಡಿಯುವ ಚಟವನ್ನೂ ಬಿಡು. ಒಂದು ಹೋದರೆ ಇನ್ನೊಂದು ಬರುತ್ತದೆ.

ಹಾಗೆಂದು ಮನೆಯಲ್ಲೇ ಕೂರಬೇಡ ಮಾರಾಯ. ಡಾಕ್ಟರು ಒಪ್ಪಿದರೆ ದಿನಾ ನಡೆ. ಜುಹುವಿನ ಸಡಿಲ ಮರಳಿನಲ್ಲಿ ಬೇಡ, ಸಮ ರಸ್ತೆಯಲ್ಲಿ, ಮಾತಾಡುತ್ತ ನಡೆಯಲಾಗುವಷ್ಟೇ ವೇಗದಲ್ಲಿ. ಮೊಗವೀರ ಭವನದಲ್ಲಿ ಯಕ್ಷಗಾನವಿದ್ದರೆ, ಇರ್ಲಾದ ಅದಮಾರು ಮಠದಲ್ಲಿ ಪೂಜೆಯಿದ್ದರೆ ಹೋಗು, ನಾಲ್ಕು ಜನರ ಜೊತೆ ಕೂತು ಉಣ್ಣು. ಉಪ್ಪಿನಕಾಯಿ ಬಡಿಸುವವನು ಬಂದಾಗ ಎಲೆಗೆ ಕೈ ಅಡ್ಡ ಹಿಡಿ, ಅಷ್ಟೆ. ಬೀಡಿ, ಕುಡಿತ ಮಾತ್ರ ಪೂರ್ತಿ ಬಿಡು. ಫ್ಲೂ ಲಸಿಕೆಯನ್ನು ವರ್ಷ ವರ್ಷ ಹಾಕಿಸಿಕೋ.

ರಾತ್ರಿ ಮಲಗಿ ಉಸಿರಾಡಲು ಒಂದು ದಿಂಬು ಸಾಲದೆ ಎರಡು, ಮೂರು ಬೇಕಾದರೆ ಮರುದಿನವೇ ಡಾಕ್ಟರಿಗೆ ತೋರಿಸು. ಉಸಿರು ಕಟ್ಟಿ ಎದ್ದು ಕೂರುವಂತಾದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡು. ಮನೆಯವರ ನಿದ್ದೆ ಕೆಡುತ್ತದೆಂಬ ದಾಕ್ಷಿಣ್ಯ ಈ ಕಾಯಿಲೆಯಲ್ಲಿ ನಡೆಯದು.