ಮಣಿ ಪೋಣಿಸಿ ಪ್ರಸ್ತಾರ: ಭಾಮಿನಿ ಷಟ್ಪದಿಯ ಎರಡು ಅವಧಿಗಳು

ತರಗತಿ: 9. ವಿಷಯ: ಪ್ರಥಮ ಭಾಷೆ ಕನ್ನಡ. ಘಟಕ: ಛಂದಸ್ಸು. ಅವಧಿ: 40 ನಿಮಿಷಗಳ ಎರಡು ಪಾಠಗಳು. ವಿದ್ಯಾರ್ಥಿಗಳು: 36, ಆರು ಗುಂಪು.

ಹಿನ್ನೆಲೆ

ಪ್ರಸ್ತಾರ ಹಾಕುವುದು ಪರೀಕ್ಷೆಯಲ್ಲಿ ಅಂಕ ತರುವ ಭಾಗ. ಮಕ್ಕಳು ಲಘು, ಗುರುಗಳ ಗುರುತು ಹಾಕಿ ಗಣ ವಿಂಗಡಿಸುತ್ತಾರೆ. ಅದೇ ಪದ್ಯವನ್ನು ಓದಲು ಹೇಳಿದರೆ ತಡವರಿಸುತ್ತಾರೆ. ಈ ಅಂತರವನ್ನು ಕೈಕೆಲಸದ ಮೂಲಕ ತುಂಬಬಹುದೆಂದು ನನ್ನ ಅಭ್ಯಾಸ ಬೋಧನೆಗೆ ಮಣಿಸರವನ್ನು ಆರಿಸಿಕೊಂಡೆ.

ಮೊದಲ ಅವಧಿ

ಒಂದೇ ಗಾತ್ರದ ಮಣಿಗಳನ್ನು ಕೊಟ್ಟೆ. ಲಘುವಿಗೆ ಒಂದು ಮಣಿ, ಗುರುವಿಗೆ ಎರಡು, ಗಣ ಮುಗಿದಲ್ಲಿ ಗಂಟು. ಭಾಮಿನಿಯ ಮೊದಲ ಸಾಲಿನ ಅಳತೆ 3+4+3+4, ಒಟ್ಟು 14 ಮಾತ್ರೆ. ರಾಗಿ, ತೊಗರಿ, ಸಾಸಿವೆ, ಮಲ್ಲಿಗೆ ಎಂಬ ಸಂತೆಯ ಪದಗಳನ್ನು ಆ ಅಳತೆಗೆ ಹೊಂದಿಸಲು ಹೇಳಿದೆ.

ಕೆಲವರು 'ರಾಗಿ ಮಲ್ಲಿಗೆ ತೊಗರಿ ಸಾಸಿವೆ' ಎಂದು ಪೋಣಿಸಿದರು. ಇನ್ನು ಕೆಲವರು 'ರಾಗಿ ತೊಗರಿ ಸಾಸಿವೆ ಮಲ್ಲಿಗೆ' ಎಂದರು. ಎರಡರಲ್ಲೂ 14 ಮಣಿ, ಗಂಟುಗಳೂ ಲೆಕ್ಕಕ್ಕೆ ಸರಿ. ಎಲ್ಲಕ್ಕೂ 'ಸರಿ' ಎಂದು ಗುರುತು ಹಾಕಿದೆ. ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕ ಶಿಕ್ಷಕರು ಅವಧಿ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: "ಲೆಕ್ಕ ಸರಿಯಾಗಿದೆ. ಓದಿಸಿ ನೋಡಿದಿರಾ?"

ನೋಡಿರಲಿಲ್ಲ. ಸಂಜೆ ಕೈಯಲ್ಲಿ ತಾಳ ಹಾಕುತ್ತಾ ನಾನೇ ಓದಿಕೊಂಡೆ. ಎರಡನೆಯ ಸಾಲು 'ತೊಗರಿ'ಯಲ್ಲಿ ಎಡವಿತು. ಎರಡನೆಯ ಗಣಕ್ಕೆ ನಾಲ್ಕು ಮಾತ್ರೆ ಬೇಕು, 'ತೊಗರಿ'ಯಲ್ಲಿ ಮೂರೇ. ಉಳಿದ ಒಂದನ್ನು ಮಕ್ಕಳು 'ಸಾ' ಅಕ್ಷರದಿಂದ ತೆಗೆದು, ಅದರ ಎರಡು ಮಣಿಗಳ ನಡುವೆ ಗಂಟು ಹಾಕಿದ್ದರು. ಒಂದು ಗುರುವನ್ನು ಎರಡು ಗಣಗಳಿಗೆ ಹಂಚಲಾಗದು. ಆ ತಪ್ಪಿಗೆ ಅವಕಾಶ ಕೊಟ್ಟದ್ದು ನನ್ನ ಸಾಮಗ್ರಿಯೇ.

ಇನ್ನೊಂದು ತಪ್ಪೂ ಹೀಗೆಯೇ ಅಡಗಿತ್ತು. 'ಮಲ್ಲಿಗೆ'ಯಲ್ಲಿ ಒತ್ತಕ್ಷರದ ಹಿಂದಿನ 'ಮ' ಗುರು. ಹಲವರು 'ಲ್ಲಿ'ಗೆ ಎರಡು ಮಣಿ ಕೊಟ್ಟಿದ್ದರು. ಹಾಗೆ ಮಾಡಿದರೂ ಮೊತ್ತ ನಾಲ್ಕೇ! ತಪ್ಪಿದ್ದ ಹನ್ನೊಂದು ಪುಸ್ತಕಗಳಿಗೆ ನಾನು 'ಸರಿ' ಹಾಕಿದ್ದೆ.

ಎರಡನೆಯ ಅವಧಿ

ಹಳೆಯ ಕ್ಯಾಲೆಂಡರ್ ಹಾಳೆಗಳಿಂದ 1 ಸೆಂ.ಮೀ. ಮತ್ತು 2 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ಕಡ್ಡಿಗೆ ಸುತ್ತಿ, ಅಂಟು ಹಚ್ಚಿ, ಮಕ್ಕಳೇ ಹಿಂದಿನ ದಿನ ಕೊಳವೆಮಣಿ ಮಾಡಿಟ್ಟುಕೊಂಡಿದ್ದರು. ಚಿಕ್ಕದು ಲಘು, ಉದ್ದದ್ದು ಗುರು.

ಮೊದಲು, ನಿನ್ನೆ ನಾನು ತಪ್ಪಾಗಿ 'ಸರಿ' ಹಾಕಿದ್ದೇನೆಂದು ತರಗತಿಗೆ ಹೇಳಿದೆ. ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಅವರದಾಯಿತು. 'ರಾಗಿ ತೊಗರಿ' ಪೋಣಿಸಿದ ಗುಂಪು ಉದ್ದದ ಮಣಿ ಬಂದಾಗ ನಿಂತಿತು. "ಮೇಡಂ, ಇಲ್ಲಿ ಗಂಟು ಹಾಕಬೇಕಾದರೆ ಮಣಿ ಕತ್ತರಿಸಬೇಕು" ಎಂದ ಒಬ್ಬ ಹುಡುಗ. 'ಮಲ್ಲಿಗೆ'ಯನ್ನು ನಿಧಾನವಾಗಿ ಹೇಳಿಸಿದೆ: ಮಲ್, ಲಿ, ಗೆ. ದನಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಉದ್ದದ ಮಣಿ. ನಿಯಮವನ್ನು ಮತ್ತೆ ಹೇಳಬೇಕಾಗಲಿಲ್ಲ.

ಬಳಿಕ ಕುಮಾರವ್ಯಾಸನ ಒಂದು ಪದ್ಯವನ್ನು ಗುಂಪಿಗೊಂದು ಸಾಲಿನಂತೆ ಹಂಚಿದೆ. ಆರೂ ಸರಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ತೂಗುಹಾಕಿದಾಗ 1, 2, 4, 5ನೆಯ ಸಾಲುಗಳು ಸಮ, 14 ಮಾತ್ರೆ. 3 ಮತ್ತು 6 ಉದ್ದ, 23 ಮಾತ್ರೆ. ಆ ಉದ್ದದ ಸಾಲಿನ ಕೊನೆಗೆ ಒಬ್ಬಳು ಚಿಕ್ಕ ಮಣಿ ಹಾಕಿದ್ದಳು. "ಅಕ್ಷರ ಹ್ರಸ್ವ ಅಲ್ವಾ ಮೇಡಂ?" ಹಾಡಿ ತೋರಿಸಿದೆ. ದನಿ ಅಲ್ಲಿ ತಂಗಿತು. ಅಲ್ಲಿ ಲಘುವಿದ್ದರೂ ಗುರುವೆಂದೇ ಎಣಿಸುವುದೇಕೆಂದು ಅವಳೇ ಹೇಳಿದಳು, ಮಣಿ ಬದಲಾಯಿತು.

ಕೊನೆಯ ಹತ್ತು ನಿಮಿಷ ಪದ ಮುಗಿಯುವ ಕಡೆ ಬಿಳಿ ದಾರ ಕಟ್ಟಿಸಿದೆ. ಗಂಟು ಲಯದ್ದು, ಬಿಳಿ ದಾರ ಅರ್ಥದ್ದು. ಎರಡೂ ಒಂದೇ ಕಡೆ ಬಂದಲ್ಲಿ ಸಾಲು ನಿಂತು ನಡೆಯುತ್ತದೆ. ಪದ ಗಂಟನ್ನು ದಾಟಿ ಹೋದಲ್ಲಿ ಮುಂದಕ್ಕೆ ಎಳೆಯುತ್ತದೆ. ಗಂಟಿಗೊಮ್ಮೆ ನಿಲ್ಲಿಸಿ ಓದಿದವನ ಓದಿನಲ್ಲಿ ಅರ್ಥ ಚೂರಾಯಿತು. ದಾರ ನೋಡಿ ಓದಿದವಳ ಓದು ಗದ್ಯದಂತಾಯಿತು. ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂಬ ಚರ್ಚೆ ಗಂಟೆ ಬಾರಿಸಿದರೂ ನಿಲ್ಲಲಿಲ್ಲ. ಕಾವ್ಯ ವಿಶ್ಲೇಷಣೆ ಆ ತರಗತಿಯಲ್ಲಿ ಶುರುವಾದದ್ದು ಅಲ್ಲಿಂದ.

ಮೌಲ್ಯಮಾಪನ

ಸರಗಳನ್ನು ಎತ್ತಿಟ್ಟು, ಲಯ ತಪ್ಪಿದ ಒಂದು ಸಾಲನ್ನು ಓದಿ ತಪ್ಪಿನ ಜಾಗ ಕೇಳಿದೆ. ಹೆಚ್ಚಿನವರು ಕಿವಿಯಿಂದಲೇ ಗುರುತಿಸಿದರು. ಒತ್ತಕ್ಷರದ ತಪ್ಪು ನಾಲ್ವರಲ್ಲಿ ಉಳಿದಿದೆ. ಅವರಿಗೆ ಊರು, ಹಣ್ಣು, ಹೂವಿನ ಹೆಸರುಗಳಲ್ಲಿ ಇನ್ನಷ್ಟು ಅಭ್ಯಾಸ ಬೇಕು.

ಸ್ವಾವಲೋಕನ

ಈ ಚಟುವಟಿಕೆ ಮಾಡುವ ಸಹಪಾಠಿಗಳಿಗೆ ಮೂರು ಸೂಚನೆಗಳು. ಮಣಿ ಸುತ್ತುವ ಕೆಲಸ ಪಾಠದ ಅವಧಿಯನ್ನು ತಿನ್ನದಿರಲಿ. ಗುರುವಿಗೆ ಒಂದೇ ಉದ್ದದ ಮಣಿ ಇರಲಿ. ಪ್ರತಿ ಸರವನ್ನೂ ಅದನ್ನು ಪೋಣಿಸಿದ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಆಮೇಲೆ 'ಸರಿ' ಹಾಕಿ.