ನಾಲ್ಕು ಪಾಯಿಂಟ್ ಇದೆ, ಟ್ಯಾಗ್ ಇಲ್ಲ: ಇನ್ನೂ ಕಾಯಬೇಕೆ?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ಗೆ ಬಂದು ಎಂಟು ವರ್ಷವಾಯಿತು. ಎಚ್-1ಬಿ ವೀಸಾದಲ್ಲಿದ್ದೇನೆ. ನಮ್ಮ ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಡುವುದನ್ನು ನೋಡುತ್ತ ಬೆಳೆದವನಾದರೂ ಬೇಟೆಯೇನಿದ್ದರೂ ಅಜ್ಜನ ಬಾಯಲ್ಲಿ ಕೇಳಿದ್ದಷ್ಟೆ. ಇಲ್ಲಿ ಕಾನೂನಿನ ಪ್ರಕಾರವೇ ಜಿಂಕೆ ಬೇಟೆಗೆ ಅವಕಾಶವಿದೆ ಎಂದು ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಒಮ್ಮೆಯೂ ಟ್ಯಾಗ್ (ಬೇಟೆಯ ಲೈಸೆನ್ಸ್) ಬಂದಿಲ್ಲ, ನಾಲ್ಕು ಪಾಯಿಂಟ್ ಮಾತ್ರ ಸೇರಿವೆ. 'ಯೂನಿಟ್ 44 ಬಿಟ್ಟು ಬೇರೆ ಕಡೆ ಪಾಯಿಂಟ್ ಹಾಳು ಮಾಡಬೇಡ' ಎನ್ನುತ್ತಾನೆ ಸಹೋದ್ಯೋಗಿ. ಈಚೆಗೆ ಬಂದ ಮೈಸೂರಿನ ಗೆಳೆಯನೊಬ್ಬ 'ಇಬ್ಬರೂ ಸೇರಿ ಒಂದೇ ಗುಂಪಾಗಿ ಅರ್ಜಿ ಹಾಕೋಣ' ಎನ್ನುತ್ತಿದ್ದಾನೆ. ಮಗನಿಗೆ ಈಗಷ್ಟೇ 12 ತುಂಬಿದೆ, ಅವನೂ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಕಾಯಲೋ, ಕೈಬಿಡಲೋ ತಿಳಿಯುತ್ತಿಲ್ಲ.

ಉತ್ತರ: ಕೈಬಿಡಬೇಡಿ. ಆದರೆ ಇಷ್ಟು ದಿನ ಕಾದ ಹಾಗೆ ಕಾಯಲೂ ಬೇಡಿ. ಪತ್ರದ ಜೊತೆ ಕಳಿಸಿದ ಹಳೆಯ ಅರ್ಜಿಗಳನ್ನು ನೋಡಿದೆ. ನಾಲ್ಕೂ ವರ್ಷ ಮೊದಲ ಆಯ್ಕೆಯ ಜಾಗದಲ್ಲಿ ಡಿ-ಎಂ-044-ಒ4-ಆರ್ ಎಂದು ತುಂಬಿದ್ದೀರಿ. ಅದರ ಕೆಳಗಿನ ಮೂರು ಸಾಲು ಖಾಲಿ. ನಿಮ್ಮ ತೊಂದರೆಯ ಮೂಲ ಆ ಖಾಲಿ ಸಾಲುಗಳಲ್ಲೇ ಇದೆ.

ಆ ಕೋಡನ್ನು ಬಿಡಿಸಿ ಓದೋಣ. 'ಡಿ' ಅಂದರೆ ಜಿಂಕೆ, 'ಎಂ' ಅಂದರೆ ಗಂಡು, 044 ಎಂಬುದು ಕಾಡಿನ ಭಾಗದ (ಯೂನಿಟ್) ಸಂಖ್ಯೆ, 'ಒ4' ಅಂದರೆ ನಾಲ್ಕನೇ ರೈಫಲ್ ಅವಧಿ, ಕೊನೆಯ 'ಆರ್' ಅಂದರೆ ರೈಫಲ್. ನಾಲ್ಕನೇ ಅವಧಿ ಬರುವುದು ನವೆಂಬರಿನಲ್ಲಿ, ಮ್ಯೂಲ್ ಡೀರ್ ಎಂಬ ಅಲ್ಲಿನ ಜಿಂಕೆಗಳ ಬೆದೆಯ ಕಾಲದಲ್ಲಿ. ದೊಡ್ಡ ಕೊಂಬಿನ ಗಂಡುಗಳು ಎಚ್ಚರ ಮರೆತು ಬಯಲಿಗೆ ಬರುವ ದಿನಗಳು ಅವು. ಅದಕ್ಕೇ ಇಡೀ ರಾಜ್ಯದ ಹಳಬರ ಕಣ್ಣು ಅದರ ಮೇಲಿದೆ. ನೀವು ಮೊದಲ ಬೇಟೆಗೆಂದೇ ಆರಿಸಿಕೊಂಡದ್ದು ರಾಜ್ಯದ ಅತಿ ಕಷ್ಟದ ಟ್ಯಾಗುಗಳಲ್ಲಿ ಒಂದನ್ನು.

ಕೊಲರಾಡೊದಲ್ಲಿ 1999ರಿಂದ ಜಿಂಕೆಯ ಪ್ರತಿಯೊಂದು ಲೈಸೆನ್ಸಿಗೂ ಮಿತಿ ಇದೆ. ಮ್ಯೂಲ್ ಡೀರ್‌ಗಳ ಸಂಖ್ಯೆ ಇಳಿಯುತ್ತ ಬಂದದ್ದರಿಂದ ತಂದ ಕ್ರಮ ಅದು. ಯಾವ ಭಾಗದಲ್ಲಿ, ಯಾವ ಅವಧಿಯಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ಎಂಬುದನ್ನು ವನ್ಯಜೀವಿ ಇಲಾಖೆ ವರ್ಷವರ್ಷ ಲೆಕ್ಕ ಹಾಕುತ್ತದೆ. 2022-23ರ ಚಳಿಗಾಲದಲ್ಲಿ ರಾಜ್ಯದ ವಾಯವ್ಯ ಭಾಗದಲ್ಲಿ ಹಿಮ ವಿಪರೀತ ಬಿದ್ದು ಜಿಂಕೆಗಳು ಸತ್ತಾಗ ಅಲ್ಲಿನ ಲೈಸೆನ್ಸುಗಳನ್ನು ಗಣನೀಯವಾಗಿ ಕಡಿತ ಮಾಡಿದರು. ಕೇಳುವವರು ಹೆಚ್ಚು, ಟ್ಯಾಗ್ ಕಡಿಮೆ. ಅದಕ್ಕೇ ಡ್ರಾ.

ಹೆಸರಿಗೆ ಲಾಟರಿಯಾದರೂ ಅಲ್ಲಿನದು ಬಹುಮಟ್ಟಿಗೆ ಸರತಿ ಸಾಲು. ಮೊದಲ ಆಯ್ಕೆ ಸಿಗದವರಿಗೆ ವರ್ಷಕ್ಕೊಂದು ಪ್ರಿಫರೆನ್ಸ್ ಪಾಯಿಂಟ್. ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಟ್ಯಾಗ್, ಉಳಿದರೆ ಕೆಳಗಿನವರಿಗೆ. ಈ ಸಾಲಿನ ಗುಣ ಅರ್ಥವಾಗದಿದ್ದರೆ ವರ್ಷಗಳು ವ್ಯರ್ಥವಾಗುತ್ತವೆ. ಉದಾಹರಣೆಗೆ, ಒಂದು ಕೋಡ್‌ಗೆ 30 ಟ್ಯಾಗ್ ಇವೆ, ನಿಮಗಿಂತ ಮುಂದೆ 600 ಜನ ಇದ್ದಾರೆ ಎಂದುಕೊಳ್ಳಿ. ಯಾರೂ ಹೊಸದಾಗಿ ಮುಂದೆ ಬರದಿದ್ದರೂ ನಿಮ್ಮ ಸರದಿಗೆ 20 ವರ್ಷ ಬೇಕು. ಬರುವವರೂ ಇದ್ದಾರೆ. ಎಷ್ಟೋ ಜನ ಯಾವ ಯೂನಿಟ್ಟನ್ನೂ ಕೇಳದೆ ಡಿ-ಪಿ-999-99-ಪಿ ಎಂಬ ಕೋಡ್ ಹಾಕಿ ಬರಿಯ ಪಾಯಿಂಟ್ ಕೂಡಿಡುತ್ತಾರೆ. ಅವರು ಯೂನಿಟ್ 44ರ ಕೋಷ್ಟಕದಲ್ಲಿ ಕಾಣುವುದೇ ಇಲ್ಲ, ಒಂದು ವರ್ಷ ಇದ್ದಕ್ಕಿದ್ದಂತೆ 15 ಪಾಯಿಂಟ್ ಹಿಡಿದು ಮುಂದೆ ಬಂದು ನಿಲ್ಲುತ್ತಾರೆ. ಹೀಗೆ ಬೇಕಾದ ಪಾಯಿಂಟ್ ವರ್ಷವರ್ಷ ಏರುವುದಕ್ಕೆ ಅಲ್ಲಿನ ಬೇಟೆಗಾರರು 'ಪಾಯಿಂಟ್ ಕ್ರೀಪ್' ಎನ್ನುತ್ತಾರೆ. ನಾಲ್ಕು ಪಾಯಿಂಟ್ ಇರುವ ನೀವು ಇದೇ ವೇಗದಲ್ಲಿ ಹೋದರೆ ಆ ಟ್ಯಾಗ್ ಕೈಗೆ ಬರುವ ಹೊತ್ತಿಗೆ ಮಗ ಕಾಲೇಜು ಮುಗಿಸಿ ಬೇರೆ ಊರು ಸೇರಿರುತ್ತಾನೆ.

ಹಾಗೆಂದು ಯೂನಿಟ್ 44ರ ಆಸೆ ಬಿಡಬೇಕಾಗಿಲ್ಲ. ಈಗಿನ ನಿಯಮದಲ್ಲಿ ಪಾಯಿಂಟ್ ಖರ್ಚಾಗುವುದು ಮೊದಲ ಆಯ್ಕೆ ಸಿಕ್ಕಾಗ ಮಾತ್ರ. ಎರಡು, ಮೂರು, ನಾಲ್ಕನೇ ಆಯ್ಕೆಯ ಟ್ಯಾಗ್ ಸಿಕ್ಕರೆ ಇದ್ದ ಪಾಯಿಂಟ್ ಹಾಗೇ ಉಳಿಯುತ್ತದೆ, ಮೇಲೆ ಹೊಸದೊಂದು ಸೇರುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ನಿಮ್ಮ ಕನಸು ಇರಲಿ, ಎರಡನೇ ಸಾಲಿನಲ್ಲಿ ಈ ಶರತ್ಕಾಲದಲ್ಲೇ ಕಾಡಿಗೆ ಹೋಗಬಲ್ಲ ಟ್ಯಾಗ್ ಇರಲಿ. ಇನ್ನೊಂದು ಕಾರಣಕ್ಕೂ ಮೊದಲ ಸಾಲನ್ನು ಉಳಿಸಿಕೊಳ್ಳಿ: ಹತ್ತು ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಬೇಡುವ ಕೋಡ್‌ಗಳಲ್ಲಿ ಸ್ವಲ್ಪ ಪಾಲನ್ನು, ಹೆಚ್ಚೆಂದರೆ ಶೇ. 20ರಷ್ಟನ್ನು, ಕನಿಷ್ಠ ಐದು ಪಾಯಿಂಟ್ ಇರುವವರೆಲ್ಲರ ನಡುವೆ ನಿಜವಾದ ಚೀಟಿ ಎತ್ತಿ ಕೊಡುತ್ತಾರೆ. ಅಂಥ ಕೋಡ್‌ಗಳ ಪಟ್ಟಿಯನ್ನು ಇಲಾಖೆ ಪ್ರಕಟಿಸುತ್ತದೆ. ಈ ಸಲದ ಅರ್ಜಿಯಿಂದ ನಿಮಗೆ ಐದು ಆಗುತ್ತದೆ, ಮುಂದಿನ ವರ್ಷದಿಂದ ಆ ಚೀಟಿಯಲ್ಲಿ ನಿಮ್ಮ ಹೆಸರೂ ಇರಬಹುದು.

ಎರಡನೇ ಸಾಲಿಗೆ ಏನು ಬರೆಯಬೇಕೆಂದು ಊಹಿಸಬೇಡಿ. ಡ್ರಾ ಮುಗಿದ ಮೇಲೆ ಇಲಾಖೆ ಪ್ರತಿ ಕೋಡ್‌ಗೂ ವರದಿ ಹೊರಡಿಸುತ್ತದೆ: ಎಷ್ಟು ಪಾಯಿಂಟಿನವರು ಎಷ್ಟು ಜನ ಕೇಳಿದರು, ಎಷ್ಟು ಜನರಿಗೆ ಸಿಕ್ಕಿತು, ಮೊದಲ ಆಯ್ಕೆಯವರಿಗೆ ಕೊಟ್ಟ ಮೇಲೆ ಎಷ್ಟು ಉಳಿದು ಎರಡನೇ ಆಯ್ಕೆಗೆ ಹೋಯಿತು. ನಿಮಗೆ ಬೇಕಾದದ್ದು ಈ ಕೊನೆಯ ಅಂಕಣ. ಮೊದಲ ಆಯ್ಕೆಯಲ್ಲೇ ಮುಗಿದುಹೋಗುವ ಕೋಡನ್ನು ಎರಡನೇ ಸಾಲಿನಲ್ಲಿ ಬರೆದರೆ ಖಾಲಿ ಬಿಟ್ಟಂತೆಯೇ. ಹಿಂದಿನ ಮೂರು ವರ್ಷವೂ ಎರಡನೇ ಆಯ್ಕೆಯವರಿಗೆ ಸಿಕ್ಕಿದ ಕೋಡ್‌ಗಳನ್ನು ಹುಡುಕಿ. ಅವುಗಳಲ್ಲಿ ಹೆಣ್ಣು ಜಿಂಕೆಯವೇ ಹೆಚ್ಚಿರುತ್ತವೆ. ಮೊದಲ ಬೇಟೆಗೆ ಅದಕ್ಕಿಂತ ಒಳ್ಳೆಯದು ಇಲ್ಲವೆಂದೇ ನನ್ನ ಅಭಿಪ್ರಾಯ. ಗಾಳಿಯ ದಿಕ್ಕು ನೋಡುವುದು, ಹತ್ತಿರ ಹೋಗುವುದು, ಗುಂಡು ಹಾರಿಸದೆ ಬಿಡುವುದು, ಮಾಂಸ ಕೆಡದಂತೆ ಇಳಿಸಿ ತರುವುದು, ಎಲ್ಲವನ್ನೂ ಅದೇ ಕಲಿಸುತ್ತದೆ. ಇಪ್ಪತ್ತು ವರ್ಷ ಕಾದು ಪಡೆದ ಟ್ಯಾಗನ್ನು ಜೇಬಿನಲ್ಲಿಟ್ಟುಕೊಂಡು ಈ ಪಾಠ ಶುರು ಮಾಡುವವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಒಂದು ಎಚ್ಚರಿಕೆ: ಸುಲಭವಾಗಿ ಸಿಗುವ ಟ್ಯಾಗುಗಳಲ್ಲಿ ಹಲವು ಖಾಸಗಿ ಜಮೀನಿಗೆ ಸೀಮಿತವಾದವು. ಅವಧಿಯ ಅಂಕಿಗೆ ಮುಂಚೆ 'ಪಿ' ಇದ್ದರೆ, ಜಮೀನಿನವರ ಒಪ್ಪಿಗೆ ಮೊದಲೇ ಪಡೆಯದೆ ಆ ಕೋಡ್ ಬರೆಯಬೇಡಿ.

ಗೆಳೆಯನ ಜೊತೆ ಗುಂಪು ಅರ್ಜಿ ಬೇಡ. ಗುಂಪಿನಲ್ಲಿ ಅತಿ ಕಡಿಮೆ ಪಾಯಿಂಟ್ ಯಾರದೋ ಅದೇ ಎಲ್ಲರ ಲೆಕ್ಕ. ಅವನದು ಸೊನ್ನೆ, ಹಾಗಾಗಿ ಆ ಅರ್ಜಿಯಲ್ಲಿ ನೀವೂ ಸೊನ್ನೆ. ಬೇರೆ ಬೇರೆ ಅರ್ಜಿ ಹಾಕಿ, ಎರಡನೇ ಆಯ್ಕೆಯಲ್ಲಿ ಇಬ್ಬರೂ ಒಂದೇ ಕೋಡ್ ಬರೆಯಿರಿ. ಸ್ನೇಹಕ್ಕೆ ಅಷ್ಟು ಸಾಕು.

ಬೇರೆ ರಾಜ್ಯಗಳ ಬಗ್ಗೆಯೂ ಒಂದು ಮಾತು. ನೆವಾಡದಲ್ಲಿ ಬೋನಸ್ ಪಾಯಿಂಟನ್ನು ವರ್ಗ ಮಾಡಿ ಲೆಕ್ಕಕ್ಕೆ ಹಿಡಿಯುತ್ತಾರೆ, ಅಲ್ಲಿ ಹಳಬರ ಅವಕಾಶ ದೊಡ್ಡದು, ಆದರೂ ಹೊಸಬರಿಗೆ ಬಾಗಿಲು ಮುಚ್ಚಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟೇ ಇಲ್ಲ, ಪ್ರತಿ ವರ್ಷ ಎಲ್ಲರೂ ಒಂದೇ ಸಮ. ಆದರೆ ಗೈಡ್ ಇಟ್ಟುಕೊಳ್ಳದ ಹೊರ ರಾಜ್ಯದವರಿಗೆ ಇರುವುದು ಶೇ. 6ರ ಪಾಲು. ಶುದ್ಧ ಲಾಟರಿಯಲ್ಲಿ ವರ್ಷಕ್ಕೆ ಐದರಲ್ಲಿ ಒಂದು ಅವಕಾಶವಿರುವ ಟ್ಯಾಗನ್ನು ಐದು ವರ್ಷ ಬಿಡದೆ ಕೇಳಿದರೂ ಒಮ್ಮೆಯಾದರೂ ಸಿಗುವ ಸಾಧ್ಯತೆ ಶೇ. 67, ನೂರಲ್ಲ. ಹೊರ ರಾಜ್ಯದವರಿಗೆ ಲೈಸೆನ್ಸ್ ಶುಲ್ಕವೂ ಬಹಳ. ಸದ್ಯಕ್ಕೆ ನಿಮಗೆ ಅದು ಬೇಡ.

ಮಗನ ವಿಷಯ. ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ 12 ತುಂಬಿರಬೇಕು, ಹಂಟರ್ ಎಜುಕೇಶನ್ ಕಾರ್ಡ್ ಬೇಕು. ಕಾರ್ಡ್ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಕಡ್ಡಾಯ. 16 ತುಂಬುವವರೆಗೆ ದೊಡ್ಡವರು ಜೊತೆಗಿರಲೇಬೇಕು. ಹೆಣ್ಣು ಜಿಂಕೆಯ ಟ್ಯಾಗುಗಳಲ್ಲಿ ಒಂದು ಪಾಲು ಮಕ್ಕಳಿಗೆಂದೇ ಮೀಸಲು. ಅಂದರೆ ನಿಮಗಿಂತ ಮೊದಲು ಅವನಿಗೇ ಟ್ಯಾಗ್ ಬರಬಹುದು. ಬಂದರೆ ನಿಮ್ಮದನ್ನು ಮರೆತು ಅವನ ಜೊತೆ ನಡೆಯಿರಿ.

ನೀವು ಕೇಳದಿದ್ದರೂ ಎರಡು ಮಾತು ಹೇಳಲೇಬೇಕು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸಿನ ಅವಧಿ ಮುಗಿದರೆ ಆ ವಿನಾಯಿತಿಯೂ ಮುಗಿಯಿತು, ಕೋವಿ ಮಾತ್ರ ಮನೆಯಲ್ಲೇ ಇರುತ್ತದೆ! ಕೊಡವರಿಗೆ ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಿಂದ ಸಿಗುವ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ರೈಫಲ್ ಕೊಳ್ಳುವ, ಎರವಲು ಪಡೆಯುವ ಮೊದಲು ವಲಸೆ ವಕೀಲರೊಬ್ಬರನ್ನು ಕಾಣಿ. ಗ್ರೀನ್ ಕಾರ್ಡಿನ ದಾರಿಯಲ್ಲಿರುವವರು ಇದರಲ್ಲಿ ಎಡವಬಾರದು.

ಇನ್ನೊಂದು ಮಾಂಸದ ವಿಚಾರ. ಜಿಂಕೆಗಳ ಮೆದುಳನ್ನು ಕೊರೆಯುವ ಕ್ರಾನಿಕ್ ವೇಸ್ಟಿಂಗ್ ರೋಗ 1967ರಲ್ಲಿ ಮೊದಲು ಕಂಡುಬಂದದ್ದು ನಿಮ್ಮ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲೇ. ಹೊಡೆದ ಜಿಂಕೆಯ ತಲೆಯನ್ನು ಇಲಾಖೆಯ ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿರಲಿ. ರೋಗವಿದ್ದರೆ ತಿನ್ನಬೇಡಿ.

ನಿಯಮಗಳು ಬದಲಾಗುತ್ತಿರುತ್ತವೆ, ಕೂಡಿಟ್ಟ ಪಾಯಿಂಟಿಗೆ ಯಾರೂ ಖಾತರಿ ಕೊಟ್ಟಿಲ್ಲ. ಆ ವರ್ಷದ ಕೈಪಿಡಿಯನ್ನು ಓದದೆ ಅರ್ಜಿ ತುಂಬಬೇಡಿ. ಮಾರ್ಚ್ 1ಕ್ಕೆ ಶುರುವಾಗುವ ಅರ್ಜಿ ಏಪ್ರಿಲ್ ಮೊದಲ ವಾರದಲ್ಲಿ ಮುಗಿಯುತ್ತದೆ. ಪ್ರಾಥಮಿಕ ಡ್ರಾದಲ್ಲಿ ಏನೂ ಸಿಗದಿದ್ದರೆ ಜೂನ್‌ನಲ್ಲಿ ಎರಡನೇ ಡ್ರಾ, ಆಗಸ್ಟ್‌ನಲ್ಲಿ ಉಳಿಕೆ ಟ್ಯಾಗುಗಳ ಮಾರಾಟ ಇವೆ. ಈ ವಾರವೇ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಡ್ರಾ ವರದಿ ತೆರೆಯಿರಿ, ಆ ಎರಡನೇ ಸಾಲನ್ನು ಇಬ್ಬರೂ ಸೇರಿ ತುಂಬಿ.