ದಾಖಲೆಗಳ ಸಂಬಂಧವನ್ನು ಕುರಿತು ಒಂದು ಪಾಠ



ಕೆಲವು ವರುಷಗಳ ಕೆಳಗೆ ಬನಹಟ್ಟಿಯಿಂದ ಬರುತ್ತಿದ್ದ ಓರ್ವ ಬಾಲೆಯ ವಿದ್ಯಾರ್ಥಿವೇತನದ ಅರ್ಜಿಯು ತಿರುಗಿ ಬಂದಿತು. ಪ್ರವೇಶದ ಪುಸ್ತಕದಲ್ಲಿ ಆಕೆಯ ತಾಲೂಕು ಜಮಖಂಡಿಯೆಂತಲೂ ಅರ್ಜಿಯಲ್ಲಿ ರಬಕವಿ-ಬನಹಟ್ಟಿಯೆಂತಲೂ ಇದ್ದದ್ದೇ ಕಾರಣವು. ಎರಡೂ ಒಂದೊಂದು ಕಾಲಕ್ಕೆ ಸತ್ಯವೇ. ಯಾಕಂದರೆ 2017ರ ಮುಂಗಡಪತ್ರದಲ್ಲಿ ಸಾರಲ್ಪಟ್ಟ ಹೊಸ ತಾಲೂಕಿಗೆ ಸೇರುವ ಮೊದಲು ಬನಹಟ್ಟಿಯು ಜಮಖಂಡಿ ತಾಲೂಕಿನಲ್ಲಿಯೇ ಇತ್ತು. ಅರ್ಜಿಯನ್ನು ತಿದ್ದಿ ಕಳುಹುವಷ್ಟರಲ್ಲಿ ಅವಧಿಯು ಮೀರಿತ್ತು. ಆ ಮಗುವು ಒಂದು ವರುಷದ ಹಣವನ್ನು ಕಳಕೊಂಡಿತು. ಅದು ಇನ್ನೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಒಂದೇ ಸಂಗತಿಯನ್ನು ನೂರು ಕಡೆಗೆ ಬರೆದಿಡುವದರಿಂದ ಇಂಥ ತಪ್ಪು ಹುಟ್ಟುತ್ತದೆ. 1997ರಲ್ಲಿ ಬಾಗಲಕೋಟೆಯು ಅಂದಿನ ವಿಜಾಪುರದಿಂದ ಬೇರ್ಪಟ್ಟು ಜಿಲ್ಲೆಯಾದಾಗ ಜಮಖಂಡಿ, ಮುಧೋಳ, ಬೀಳಗಿ ಮೊದಲಾದ ಆರು ತಾಲೂಕುಗಳು ಅದಕ್ಕೆ ಸೇರಿದವು. ಪ್ರತಿ ಹುಡುಗಿಯ ಹೆಸರಿನ ಮುಂದೆ ಜಿಲ್ಲೆಯನ್ನು ಬರೆದಿಟ್ಟರೆ ಪುಟಪುಟವನ್ನೂ ತಿದ್ದಬೇಕು. ತಾಲೂಕುಗಳ ಪಟ್ಟಿಯನ್ನು ಬೇರೆ ಇಟ್ಟರೆ ಆರೇ ಸಾಲು.

ಗಣಕಯಂತ್ರದ ದತ್ತಸಂಗ್ರಹಕ್ಕೂ ಇದೇ ನಿಯಮವು. ಪೈಥಾನ್ ಭಾಷೆಯಲ್ಲಿ ರಚಿಸಲ್ಪಟ್ಟು 2005ರಲ್ಲಿ ಪ್ರಕಟವಾದ ಜ್ಯಾಂಗೋ ಎಂಬ ಸಾಧನದಲ್ಲಿ ಪ್ರತಿಯೊಂದು ಪಟ್ಟಿಯ ನಮೂನೆಗೆ ಮಾಡೆಲ್ ಎಂದು ಹೆಸರು. ವಿದ್ಯಾರ್ಥಿನಿ, ಊರು, ತಾಲೂಕು ಎಂಬ ಮೂರು ಮಾಡೆಲ್‌ಗಳನ್ನು ಮಾಡೋಣ. ವಿದ್ಯಾರ್ಥಿನಿಯ ಸಾಲಿನಲ್ಲಿ ಊರಿನ ಹೆಸರಿರುವದಿಲ್ಲ, ಊರಿನ ಸಾಲನ್ನು ತೋರಿಸುವ ಗುರುತು ಮಾತ್ರ ಇರುತ್ತದೆ. ಊರು ಹಾಗೆಯೇ ತಾಲೂಕನ್ನು ತೋರಿಸುತ್ತದೆ. ಈ ಗುರುತಿಗೆ ಫಾರಿನ್ ಕೀ ಎನ್ನುವರು. ಬನಹಟ್ಟಿಯ ತಾಲೂಕು ಬದಲಾದರೆ ಊರಿನ ಒಂದೇ ಸಾಲನ್ನು ತಿದ್ದತಕ್ಕದ್ದು. ಹುಡುಗಿಯರ ಸಾಲುಗಳನ್ನು ಮುಟ್ಟಬೇಕಾಗಿಲ್ಲ.

ಇನ್ನು ಬೀಳಗಿ ತಾಲೂಕಿನ ಹುಡುಗಿಯರು ಯಾರೆಂದು ಕೇಳುವ ಬಗೆ:

ವಿದ್ಯಾರ್ಥಿನಿ.ಆಬ್ಜೆಕ್ಟ್ಸ್.ಫಿಲ್ಟರ್(ಊರು__ತಾಲೂಕು__ಹೆಸರು="ಬೀಳಗಿ")

ಎರಡೆರಡು ಅಡಿಗೆರೆಗಳನ್ನು ನೋಡಿರಿ. ಅವು ಹುಡುಗಿಯಿಂದ ಊರಿಗೆ, ಊರಿನಿಂದ ತಾಲೂಕಿಗೆ, ತಾಲೂಕಿನಿಂದ ಅದರ ಹೆಸರಿಗೆ ದಾಟಿಸುವ ಮೆಟ್ಟಿಲುಗಳು. (ಆಬ್ಜೆಕ್ಟ್ಸ್, ಫಿಲ್ಟರ್ ಎಂಬವುಗಳನ್ನು ಯಂತ್ರದಲ್ಲಿ ರೋಮನ್ ಅಕ್ಷರಗಳಿಂದಲೇ ಬರೆಯಬೇಕು.)

ಉತ್ತರವು ಸರಿಯಾಗಿ ಬಂದರೂ ಕೇಳುವ ರೀತಿಯು ದಡ್ಡತನದ್ದಾಗಿರಬಹುದು. ಒಂದು ವರ್ಗದ 40 ಹುಡುಗಿಯರ ಪಟ್ಟಿಯನ್ನು ತರಿಸಿ, ಆಮೇಲೆ ಒಬ್ಬೊಬ್ಬಳ ಊರನ್ನೂ ತಾಲೂಕನ್ನೂ ಬರೆಯುತ್ತ ಹೋದರೆ, ಸಂಗ್ರಹಕ್ಕೆ 1 ಪ್ರಶ್ನೆಯು ಪಟ್ಟಿಗಾಗಿ, 40 ಊರುಗಳಿಗಾಗಿ, 40 ತಾಲೂಕುಗಳಿಗಾಗಿ, ಅಂತೂ 81 ಪ್ರಶ್ನೆಗಳು ಹೋಗುತ್ತವೆ. ಉಪ್ಪಿಗೊಮ್ಮೆ, ಮೆಣಸಿನಕಾಯಿಗೊಮ್ಮೆ ಸಂತೆಗೆ ಹೋಗುವವಳಿಗೆ ಮನೆಯವರು ಏನೆಂದಾರು? ಸೆಲೆಕ್ಟ್ ರಿಲೇಟೆಡ್ ಎಂಬ ಮಾತಿನಿಂದ "ಊರು__ತಾಲೂಕು" ಎಂದು ಮೊದಲೇ ತಿಳಿಸಿದರೆ ಮೂರು ಪಟ್ಟಿಗಳೂ ಕೂಡಿ ಒಂದೇ ಪ್ರಶ್ನೆಗೆ ಎಲ್ಲವೂ ಬರುತ್ತದೆ. ಹತ್ತು ಹುಡುಗಿಯರಲ್ಲಿ ಈ ಭೇದವು ಕಾಣದು. ಇಡೀ ಶಾಲೆಯ ಪಟ್ಟಿಯಲ್ಲಿ ಕಂಡೇ ಕಾಣುತ್ತದೆ.

ಫಾರಿನ್ ಕೀಯನ್ನು ಬರೆಯುವಾಗ, ತೋರಿಸಿದ ಸಾಲು ಅಳಿದರೆ ಏನಾಗಬೇಕೆಂಬದನ್ನೂ ಹೇಳಬೇಕಾಗುತ್ತದೆ. ಕ್ಯಾಸ್ಕೇಡ್ ಎಂದರೆ ಊರನ್ನು ಅಳಿಸಿದಾಗ ಆ ಊರಿನ ಹುಡುಗಿಯರೆಲ್ಲರೂ ಪಟ್ಟಿಯಿಂದ ಅಳಿದುಹೋಗುವರು. ಪ್ರೊಟೆಕ್ಟ್ ಎಂದರೆ ಹುಡುಗಿಯರಿರುವ ತನಕ ಊರನ್ನು ಅಳಿಸಲು ಯಂತ್ರವು ಒಪ್ಪದು. ಶಾಲೆಯ ಪುಸ್ತಕಕ್ಕೆ ಎರಡನೆಯದೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ಮುಧೋಳ ತಾಲೂಕಿನಿಂದ ಬರುವ ಹತ್ತನೆಯ ವರ್ಗದವರನ್ನು ಮಾತ್ರ ಕೇಳುವ ಸಾಲನ್ನು ನೀವೇ ಬರೆದು, ಅದಕ್ಕೆ ಎಷ್ಟು ಪ್ರಶ್ನೆಗಳು ಹೋದವೆಂಬದನ್ನು ಎಣಿಸಿ ನನಗೆ ತೋರಿಸಿರಿ.